ಕ್ಯಾಪ್ಟನ್ನರ ಟಾರ್ಕ್ ರೆಂಚು

"ಮನೆಯೊಳಗೇ ಕಳ್ಳ ಇದ್ದಾನೆ ಕಣ್ರಿ. ಅದಕ್ಕೇ ಬಂದಿದ್ದು," ಎನ್ನುತ್ತ ಕ್ಯಾಪ್ಟನ್ ಬಂದೂಕಿನ ಪೆಟ್ಟಿಗೆಯನ್ನು ಅಂಗಡಿಯ ಕೌಂಟರಿನ ಮೇಲೆ ದೊಪ್ಪನೆ ಇಟ್ಟರು.

ಅವರು ಸೈನ್ಯದ ಕ್ಯಾಪ್ಟನ್ ಅಲ್ಲ. ರೈಫಲ್ ಕ್ಲಬ್ಬಿನ ತಂಡಕ್ಕೆ ಇಪ್ಪತ್ತು ವರ್ಷ ನಾಯಕರಾಗಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಈಚೆಗೆ ಎರಡು ಆಯ್ಕೆ ಸ್ಪರ್ಧೆಗಳಲ್ಲಿ ಅವರ ಗುಂಡುಗಳು ಎಲ್ಲೆಲ್ಲೋ ಬಿದ್ದಿದ್ದವು. ಎರಡು ಸಲವೂ ಆಮೇಲೆ ನೋಡಿದರೆ ಬಂದೂಕಿನ ಮೇಲಿನ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಲಟಲಟ ಅಲ್ಲಾಡುತ್ತಿತ್ತು. ಅದರ ಸ್ಕ್ರೂಗಳನ್ನು ಯಾರೋ ಸಡಿಲಿಸಿದ್ದರು. ಪಾಪ ಎಂದು ಕ್ಲಬ್ಬಿನ ಕಾರ್ಯದರ್ಶಿ ಇನ್ನೊಂದು ಅವಕಾಶ ಕೊಟ್ಟಿದ್ದ. ಅದು ಇವತ್ತು ಮಧ್ಯಾಹ್ನ, ಅದೇ ಕೊನೆಯದು. ಇದೂ ತಪ್ಪಿದರೆ ಕ್ಯಾಪ್ಟನ್ ತಂಡದಿಂದ ಹೊರಗೆ. ಅವರ ಜಾಗಕ್ಕೆ ಬರುವವನು ಅವರ ಸ್ವಂತ ಅಳಿಯ.

ಆ ಅಳಿಯನೇ ಅವರನ್ನು ಕಾರಿನಲ್ಲಿ ಕರೆತಂದಿದ್ದ. ಒಳಗೆ ಕಾಲಿಡಬೇಡ ಎಂದು ಮಾವ ಗದರಿದ್ದರಿಂದ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಹೊರಗೇ ಕೂತಿದ್ದ.

"ಪೆಟ್ಟಿಗೆ ಹೋಗೋದು ಅವನ ಕಾರಲ್ಲಿ. ಬೀಗದ ಕೈ ಅವನ ಹತ್ರ. ಇನ್ನೇನು ಸಾಕ್ಷಿ ಬೇಕು?"

"ಸ್ಕ್ರೂ ಲೂಸಾಗಿರೋದು ಬಂದೂಕಿಗೋ ನಿಮಗೋ, ದೇವರಿಗೇ ಗೊತ್ತು," ಎಂದರು ಅವರ ಹೆಂಡತಿ. ಆಕೆ ಮೂಲೆಯ ಸ್ಟೂಲಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಮನೆಯಲ್ಲಿ ದಿನಾ ಇದೇ ರಾಮಾಯಣ. ಊಟಕ್ಕೆ ಕೂತರೆ ಸ್ಕ್ರೂ, ಮಲಗಿದರೆ ಅಳಿಯ. ಆಕೆಗೆ ಸಾಕುಸಾಕಾಗಿ ಹೋಗಿತ್ತು.

ಅಂಗಡಿಯವನಿಗೂ ಸುಸ್ತು. ಬೆಳಗಿನಿಂದ ಮಾತಾಡಿ ಗಂಟಲು ಒಣಗಿತ್ತು. ಆದರೂ ಸ್ಕ್ರೂಗಳನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಎರಡು ಟಾರ್ಕ್ ರೆಂಚುಗಳನ್ನು ತಂದಿಟ್ಟ.

"ನೋಡಿ ಸಾರ್, ಜಾಸ್ತಿ ಬಿಗಿದ್ರೆ ಸ್ಕೋಪಿನ ಕೊಳವೆ ನಜ್ಜುಗುಜ್ಜಾಗತ್ತೆ. ಕಮ್ಮಿ ಆದ್ರೆ ಗುಂಡಿನ ಒದೆತಕ್ಕೆ ಜಾರತ್ತೆ. ಕೈ ಅಂದಾಜು ನಡೆಯಲ್ಲ. ನನ್ನ ಕೇಳಿದ್ರೆ ಈ ಮುಳ್ಳಿನದು ತಗೊಳ್ಳಿ. ಬಿಗಿ ಎಷ್ಟಾಯ್ತು ಅಂತ ಮುಳ್ಳು ತೋರಿಸತ್ತೆ."

ಕ್ಯಾಪ್ಟನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದರು. ಆಮೇಲೆ ಕೌಂಟರಿನ ಮೇಲೆ ಕುಕ್ಕಿದರು.

"ಮುಳ್ಳು ಗಿಳ್ಳು ನಂಬೋನಲ್ಲ ನಾನು. ಆ ಇನ್ನೊಂದು ಕೊಡಿ, ಸಾಕಾದಾಗ ಕಟ್ ಅಂತ ಸದ್ದು ಮಾಡೋದು."

"ಅದಕ್ಕೆ ಮೊದಲೇ ಹಿಡಿ ತಿರುಗಿಸಿ ಅಂಕಿ ಇಟ್ಕೋಬೇಕು ಸಾರ್. ಸಣ್ಣ ಸಣ್ಣ ಅಂಕಿ."

"ಇವಳು ಇಡ್ತಾಳೆ. ಇವಳಿಗೆ ಇನ್ನೇನು ಕೆಲಸ?"

ಹೆಂಡತಿ ಉಸ್ಸೆಂದು ಎದ್ದು ಬಂದು ಅಂಕಿ ಇಟ್ಟುಕೊಟ್ಟರು. ಕ್ಯಾಪ್ಟನ್ ಒಂದೊಂದೇ ಸ್ಕ್ರೂವಿನ ತಲೆಯನ್ನು ಬೆರಳಿಂದ ತಡವಿ, ರೆಂಚಿನ ತುದಿ ಕೂರಿಸಿ ಬಿಗಿದರು. ಕಟ್. ಕಟ್. ಪ್ರತಿ ಸದ್ದಿಗೂ ಅವರ ಮುಖ ಅರಳುತ್ತಿತ್ತು. ಕೊನೆಗೆ ಅಂಗಡಿಯವನು ಪ್ರತಿ ಸ್ಕ್ರೂವಿಗೂ ಅದರ ಪಕ್ಕದ ಲೋಹಕ್ಕೂ ಸೇರಿಸಿ ಕೆಂಪು ಬಣ್ಣದ ಗೆರೆ ಎಳೆದ.

"ಇನ್ನು ಯಾರೇ ತಿರುಗಿಸಿದ್ರೂ ಗೆರೆ ಒಡೆಯತ್ತೆ ಸಾರ್."

"ಇವತ್ತು ಸಿಕ್ಕಿಬೀಳ್ತಾನೆ ಮಗ," ಎಂದರು ಕ್ಯಾಪ್ಟನ್.

ಪೆಟ್ಟಿಗೆ ಮತ್ತೆ ಕಾರಿನ ಡಿಕ್ಕಿ ಸೇರಿತು, ರೆಂಚು ಹೆಂಡತಿಯ ಚೀಲ ಸೇರಿತು. ದಾರಿಯಲ್ಲಿ ವಾಹನಗಳ ಜಾತ್ರೆ. ಕ್ಲಬ್ಬು ತಲುಪುವ ಹೊತ್ತಿಗೆ ಅವರ ಹೆಸರು ಕರೆದಾಗಿತ್ತು. ಅಳಿಯ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದ. ಗೆರೆ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಕ್ಯಾಪ್ಟನ್ ಮಲಗಿ ಗುರಿ ಹಿಡಿದರು, ಗುಂಡುಗಳನ್ನೆಲ್ಲ ಹೊಡೆದು ಮುಗಿಸಿದರು. ಬಂದೂಕನ್ನು ಹೆಂಡತಿಯ ಪಕ್ಕದ ಬೆಂಚಿನ ಮೇಲಿಟ್ಟು, ಕಾರ್ಯದರ್ಶಿಯ ತೋಳು ಹಿಡಿದು ಗುರಿಪಟದ ಕಡೆ ನಡೆದರು.

ಗುಂಡುಗಳು ದಿಕ್ಕಿಗೊಂದು ಬಿದ್ದಿದ್ದವು. ಕೆಲವು ಪಟಕ್ಕೇ ತಾಗಿರಲಿಲ್ಲ. ಕ್ಯಾಪ್ಟನ್ ಕಾಗದದ ಮೇಲೆ ಬೆರಳಾಡಿಸಿ ತೂತುಗಳನ್ನು ಹುಡುಕಿದರು. ಅವರ ಮುಖ ಬಿಳುಚಿಕೊಂಡಿತು.

"ನಡಿ, ಬಂದೂಕು ನೋಡೋಣ," ಎಂದರು. ದನಿ ಅರ್ಧಕ್ಕರ್ಧ ಇಳಿದಿತ್ತು.

ಕಾರ್ಯದರ್ಶಿ ಬೆಂಚಿನ ಮೇಲೆ ಬಗ್ಗಿ ನೋಡಿದ. "ಗೆರೆ ಒಡೆದಿದೆ ಕ್ಯಾಪ್ಟನ್. ಎರಡು ಸ್ಕ್ರೂ ಸಡಿಲ." ಸ್ಕೋಪನ್ನು ಮುಟ್ಟಿದರೆ ಲಟಲಟ ಎಂದಿತು.

ಕ್ಯಾಪ್ಟನ್ನರಿಗೆ ಹೋದ ಜೀವ ಬಂದಂತಾಯಿತು. "ನೋಡಿದ್ಯಾ? ನಾನು ಹೇಳ್ಲಿಲ್ವಾ? ನನ್ನ ಕೈಗೂ ಏನೂ ಆಗಿಲ್ಲ, ಕಣ್ಣಿಗೂ ಏನೂ ಆಗಿಲ್ಲ!" ಅಷ್ಟರಲ್ಲಿ ಬಂದ ಅಳಿಯನತ್ತ ತಿರುಗಿದರು. "ಏಯ್, ನೀನೇ ತಾನೆ?"

ಅಳಿಯ ಅತ್ತೆಯ ಕಡೆ ನೋಡಿದ. ಆಕೆ ತಲೆ ತಗ್ಗಿಸಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು.

"ಹೌದು ಮಾವ," ಎಂದ. "ನಾನೇ."

ಇನ್ನೊಂದು ದಿನ ಮತ್ತೆ ಹೊಡೆಯಲಿ ಎಂದು ಕಾರ್ಯದರ್ಶಿ ತೊದಲಿದ. ಕ್ಯಾಪ್ಟನ್ ಕೈ ಬೀಸಿ ಸುಮ್ಮನಾಗಿಸಿದರು.

"ಬೇಡ. ಇಂಥವರ ಮಧ್ಯೆ ನಾನಿರಲ್ಲ. ತಂಡ ಇವನಿಗೇ ಇರ್ಲಿ. ನಾನು ಸೋತು ಹೋಗ್ತಿಲ್ಲ, ಬಿಟ್ಟು ಹೋಗ್ತಿದ್ದೀನಿ. ಇನ್ನು ಬಂದೂಕು ಮುಟ್ಟಲ್ಲ. ನೀನು ನನ್ನ ಮನೆ ಹೊಸಿಲು ತುಳೀಬೇಡ."

ಎದೆ ಸೆಟೆಸಿಕೊಂಡು ಬಾಗಿಲ ಕಡೆ ನಡೆದರು. ಕಾರ್ಯದರ್ಶಿ ಅವರ ಹಿಂದೆ ಓಡಿದ.

ಬಂದೂಕನ್ನು ಪೆಟ್ಟಿಗೆಗೆ ಹಾಕುತ್ತಿದ್ದ ಅತ್ತೆಯ ಪಕ್ಕಕ್ಕೆ ಅಳಿಯ ಬಂದು ನಿಂತ. ಅವನ ಕಣ್ಣು ತುಂಬಿತ್ತು.

"ನಾನಂತೂ ಮುಟ್ಟಿಲ್ಲ. ಇನ್ನು ಉಳಿದಿದ್ದು ನೀವೊಬ್ರೇ. ನಿಮ್ಮ ಹೆಸರು ಹೊರಗೆ ಬರ್ಬಾರ್ದು ಅಂತ ಒಪ್ಕೊಂಡೆ. ಅಂಗಡೀಲಿ ಮಾವ ದುಡ್ಡು ಕೊಡೋವಾಗ ಬಿಚ್ಚಿದ್ರಾ? ಯಾಕತ್ತೆ? ಸ್ಕೋಪ್ ಬಿಗಿಯಾಗಿದ್ದಿದ್ರೆ ಅವರು ಗೆಲ್ತಿದ್ರಲ್ಲ!"

ಆಕೆ ಪೆಟ್ಟಿಗೆಯ ಮುಚ್ಚಳ ಹಾಕಿದರು. ಬೆಂಚಿನ ಮೇಲೆ ಕುಸಿದು ಕೂತರು.

"ಹೊಡೆಯೋವಾಗ ಬಿಗಿಯಾಗೇ ಇತ್ತು ಕಣಪ್ಪ, ಮೂರು ಸಲಾನೂ. ಅವರು ಗುರಿಪಟ ನೋಡಕ್ಕೆ ಹೋದ ಮೇಲೆ ನಾನು ಬಿಚ್ಚಿದ್ದು."