ಮುಟ್ಟದೆ ನೋಡಿದ ಡಾಕ್ಟರು

“ಅಲ್ಲೇ ನಿಂದರ್ರಿ! ಕಟ್ಟಿ ಹತ್ತಬ್ಯಾಡ್ರಿ!”

ಡಾಕ್ಟರು ಬಸಲಿಂಗಯ್ಯನವರ ಕೂಗಿಗೆ ಸೀತವ್ವ ಅಂಗಳದಲ್ಲೇ ಬೆಚ್ಚಿ ನಿಂತಳು. ಗಂಡ ಭಾಗಪ್ಪನನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ತಿಕೋಟಾದಿಂದ ವಿಜಾಪುರಕ್ಕೆ ಬಂದಿದ್ದಳು. ಅವನ ತೊಡೆಸಂದಿಯಲ್ಲಿ ಅಡಿಕೆಯಷ್ಟು ಗಂಟು ಎದ್ದಿತ್ತು, ಮೈ ಸ್ವಲ್ಪ ಬೆಚ್ಚಗಿತ್ತು. ಬೇರೆ ದಿನಗಳಲ್ಲಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮಹಾಯುದ್ಧ ಮುಗಿದ ಆ ಚಳಿಗಾಲದಲ್ಲಿ ಓಣಿ ಓಣಿಯಲ್ಲಿ ಇಲಿ ಸತ್ತು ಬೀಳುತ್ತಿದ್ದವು. ಗಂಟೆಂದರೆ ಪ್ಲೇಗೆಂದೇ ಜನ ನಡುಗುತ್ತಿದ್ದರು.

ಡಾಕ್ಟರು ಶಾಲು ಹೊದ್ದು ಒಳಗಿನ ಕುರ್ಚಿಯಲ್ಲಿ ಕುಳಿತಿದ್ದರು. ಏಳಲಿಲ್ಲ. ಅಲ್ಲಿಂದಲೇ ಭಾಗಪ್ಪನ ಕಾಲು ಎತ್ತಿಸಿ ನೋಡಿದರು. ಹಿಮ್ಮಡಿಯಲ್ಲಿ ಜಾಲಿಮುಳ್ಳು ಚುಚ್ಚಿದ ಗಾಯ ಕೀವುಗಟ್ಟಿತ್ತು.

“ಮುಳ್ಳಿನ ನಂಜಿಗೆ ಗಂಟು ಬಂದೈತಿ. ಪ್ಲೇಗ್ ಅಲ್ಲ. ಕೀವು ತಗದು ಬಿಸಿನೀರಾಗ ಕಾಲ ಇಡಸವ್ವಾ, ಆರಾಮ ಆಕ್ಕಾನ.”

“ಸಾಹೇಬ್ರ, ಒಂದ ಸಲ ಮುಟ್ಟಿ ನೋಡ್ರಿ.”

“ಬ್ಯಾಡ. ಮೊದಲ ಊರು ಮುಟ್ಟರಿ.”

ಬಾಯಾರಿದ ಭಾಗಪ್ಪ ಕಟ್ಟೆಯ ಮೇಲಿನ ನೀರಿನ ಹರವಿಯತ್ತ ಕೈ ಚಾಚಿದ. “ಆ ನೀರು ಮುಟ್ಟಬ್ಯಾಡ!” ಡಾಕ್ಟರು ಚೀರಿದರು.

ಸೀತವ್ವ ಗಂಡನ ಕೈ ಹಿಡಿದು ಹಿಂದಕ್ಕೆಳೆದಳು. ಬೇರೆಯವರು ಹೀಗೆ ದೂರ ನಿಲ್ಲಿಸಿದ್ದರೆ ಕಾರಣ ಅವಳಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಆದರೆ ಈ ಡಾಕ್ಟರು ಜಾತಿ ನೋಡಿದವರಲ್ಲ. ಅವಳ ಹೆರಿಗೆ ಕಷ್ಟವಾದಾಗ ಕೇರಿಗೇ ಬಂದು ಕೂಸನ್ನು ಉಳಿಸಿದ್ದರು. ಅವಳ ಮನೆಯ ತಂಬಿಗೆಯಲ್ಲೇ ನೀರು ಕುಡಿದಿದ್ದರು. ಅಂಥವರೇ ಹಿಂಜರಿದರೆಂದರೆ ಇದು ಪ್ಲೇಗೇ. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆ.

ತಿಕೋಟಾಕ್ಕೆ ಮರಳಿದರೂ ಅವಳು ಕೇರಿಗೆ ಹೋಗಲಿಲ್ಲ. ಊರ ಹೊರಗಿನ ಪಾಳು ಗುಡಿಸಲಿನಲ್ಲಿ ಗಂಡನನ್ನು ಮಲಗಿಸಿದಳು. ಕೂಸನ್ನೆತ್ತಿಕೊಂಡು ಬಂದ ಅತ್ತೆ ರಾಚವ್ವನನ್ನು ದೂರದಲ್ಲೇ ತಡೆದಳು.

“ಡಾಕ್ಟರು ಏನಂದ್ರು ಬೇ?”

“ಏನೂ ಇಲ್ಲ ಅಂದ್ರು.”

“ಮತ್ತ ಕೂಸಿಗೆ ಹಾಲು ಕೊಡವಲ್ಲಿ ಯಾಕ?”

ಸೀತವ್ವ ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಕೂಸಿನ ಅಳು ದೂರವಾಗುತ್ತ ಹೋಯಿತು. ಕಟ್ಟಿದ ಹಾಲಿಗೆ ಎದೆ ಕಲ್ಲಾಯಿತು.

ಬೇರೆ ದಾರಿ ಕಾಣದೆ ಡಾಕ್ಟರು ಹೇಳಿದ್ದನ್ನೇ ಮಾಡಿದಳು. ಕೀವಿನ ಜೊತೆ ಮುಳ್ಳಿನ ತುದಿ ಹೊರಬಂತು. ಭಾಗಪ್ಪ ಕನವರಿಸಿದಾಗಲೆಲ್ಲ ಗಂಟನ್ನು ಮುಟ್ಟಿ ನೋಡಿದಳು. ದೊಡ್ಡದಾಗಲಿಲ್ಲ. ಜ್ವರ ಇಳಿಯಿತು, ಗಂಟು ಕರಗಿತು, ಒಂದು ಬೆಳಿಗ್ಗೆ ಅವನೇ ಎದ್ದು ರೊಟ್ಟಿ ಕೇಳಿದ.

ಭಯ ಹೋದಲ್ಲಿ ಸಿಟ್ಟು ಬಂತು. ಪ್ಲೇಗು ಅಲ್ಲವೆಂದು ಖಾತ್ರಿಯಿದ್ದರೆ ನಾಯಿಯಂತೆ ಅಂಗಳದಲ್ಲೇ ನಿಲ್ಲಿಸಿದ್ದೇಕೆ? ಕಡೆಗೆ ಅವರೂ ಎಲ್ಲರಂತೆಯೇ. ಮುಖದ ಮೇಲೆಯೇ ಕೇಳಿಬರಬೇಕೆಂದು ಅವಳು ವಿಜಾಪುರಕ್ಕೆ ನಡೆದಳು.

ದವಾಖಾನೆಯ ಕಟ್ಟೆಯ ಮೇಲೆ ಕಂಪೌಂಡರ್ ಹುಸೇನಸಾಬ ಒಬ್ಬನೇ ಕುಳಿತಿದ್ದ.

“ಎಲ್ಲಿ ನಿಮ್ಮ ಡಾಕ್ಟರು? ನನ್ನ ಗಂಡನ್ನ ಯಾಕ ಮುಟ್ಟಲಿಲ್ಲಂತ ಕೇಳಬೇಕು.”

ಹುಸೇನಸಾಬ ತಲೆ ಎತ್ತಲಿಲ್ಲ.

“ನೀವು ಬಂದ ದಿನಾ ಮುಂಜಾನೀನ ಅವರ ಬಗಲಾಗ ಪ್ಲೇಗಿನ ಗಂಟು ಎದ್ದಿತ್ತವ್ವಾ; ಸಾಯೂತನಾ ಯಾರಿಗೂ ಮುಟ್ಟಗೊಡಲಿಲ್ಲ.”