ಜಾರಿ ಬಿದ್ದವರು

"ಜಾರಿ ಬಿದ್ದೋರನ್ನ ಆ ಗುಂಪಿಂದ ತೆಗಿ," ಎಂದರು ಮ್ಯಾನೇಜರು, ಅವಳ ಕುರ್ಚಿಯ ಹಿಂದೆಯೇ ನಿಂತು. "ಯಾರದೋ ಕಾಲು ಜಾರಿದ್ರೆ ನಮ್ಮ ಮಾತ್ರೆ ಏನ್ ಮಾಡುತ್ತೆ?"

ಔಷಧ ಕಂಪನಿಗೆ ರೋಗಿಗಳಿಂದ ಬರುವ ದೂರುಗಳಲ್ಲಿ ತಲೆಸುತ್ತು, ಕಣ್ಣು ಕತ್ತಲೆ, ಜಾರಿ ಬಿದ್ದದ್ದು ಇವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಕಂಪ್ಯೂಟರಿಗೆ ಕಲಿಸುವುದೇ ಅವಳ ಕೆಲಸ. ಬಿಡಿಬಿಡಿಯಾಗಿದ್ದಾಗ ಈ ದೂರುಗಳು ಯಾರ ಲೆಕ್ಕಕ್ಕೂ ಇರಲಿಲ್ಲ. ಒಂದುಗೂಡಿಸಿದ್ದೇ ತಡ, ಕಂಪನಿಯ ಹೊಸ ಬಿ.ಪಿ. ಮಾತ್ರೆಯ ಹೆಸರು ಪರದೆಯ ಮೇಲೆ ಅಪಾಯದ ಎಚ್ಚರಿಕೆಯಾಗಿ ಕೆಂಪಗಾಗಿತ್ತು.

"ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ಹತ್ತೊಂಬತ್ತು ಜನರ ಕಾಲು ಜಾರುತ್ತಾ ಸರ್?"

"ಹೇಳಿದಷ್ಟು ಮಾಡಮ್ಮ."

ಅವಳು ಎದ್ದು, ಕುರ್ಚಿಯನ್ನು ಅವರತ್ತ ತಳ್ಳಿದಳು. "ನೀವೇ ತೆಗೀರಿ. ತೆಗೆದೋರ ಹೆಸರು, ಕಾರಣ ಎರಡನ್ನೂ ಬರೆಸಿಕೊಳ್ಳದೆ ಈ ಕಂಪ್ಯೂಟರು ಬಿಡಲ್ಲ."

ಮೌಸಿನತ್ತ ಚಾಚಿದ್ದ ಕೈಯನ್ನು ಮ್ಯಾನೇಜರು ಮೆಲ್ಲಗೆ ಜೇಬಿಗೆ ಇಳಿಸಿದರು.