ಸೊಗಡು ಅಂಟಿದ ಬೆರಳು

ಹೊಸಕೋಟೆ ಸಂತೆಯಲ್ಲಿ ಅವರೆಕಾಯಿ ರಾಶಿ ಕಂಡರೆ ಈಗಲೂ ಒಂದು ಕಾಯಿ ಎತ್ತಿ ಮೂಸಿಯೇ ಮುಂದೆ ಹೋಗುತ್ತೇನೆ.

ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಪರೀಕ್ಷೆಗೆ ಖಾಲಿ ಹಾಳೆ ಕೊಟ್ಟು ಬಂದ ಮೇಲೆ ನಾನು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಗಣಿತದ ಸುಶೀಲಾ ಮಿಸ್ ಬೈಯಲಿಲ್ಲ. ಒಂದು ಬೆಳಿಗ್ಗೆ ಮನೆಯಿಂದ ತಂದಿದ್ದ ಒಂದು ಚೀಲವನ್ನು ನನ್ನ ಕೈಗೆ ಕೊಟ್ಟು, "ಮುನಿಯಮ್ಮಂಗೆ ಅವರೆಕಾಯಿ ಬಿಡಿಸ್ಕೊಡು ಹೋಗಮ್ಮ," ಎಂದು ಬಿಸಿಯೂಟದ ಅಡುಗೆಮನೆಗೆ ಕಳಿಸಿದರು.

ಅಡುಗೆಯ ಮುನಿಯಮ್ಮ ಮೊರವನ್ನು ನನ್ನತ್ತ ತಳ್ಳಿದರು ಅಷ್ಟೇ. ಬೆರಳಿಗೆಲ್ಲ ಸೊಗಡು ಅಂಟಿ, ಮೊರ ಅರ್ಧ ತುಂಬುವ ಹೊತ್ತಿಗೆ ಮಾತು ತಾನಾಗಿಯೇ ಹೊರಬಂತು.

"ಬೆಲ್ ಹೊಡೆದ್ರೆ ಎದೆ ಡವಡವ ಅನ್ನುತ್ತೆ ಅಕ್ಕ. ಸ್ಕೂಲಿಗೆ ಬರೋಕೇ ಭಯ."

"ಇಷ್ಟೊಂದ್ ಮಕ್ಕಳಿಗೆ ಮೊದಲ್ನೇ ದಿನ ಅನ್ನಕ್ಕಿಟ್ಟಾಗ ನಂಗೂ ಹಂಗೇ ಆಗಿತ್ತು ಕಣವ್ವಾ."

"ಈಗ?"

"ಈಗ್ಲೂ ಒಂದೊಂದಿನ ಆಗ್ತದೆ. ನಿನ್ ಭಯಾನ ನಿಮ್ಮಿಸ್ಸಿಗೂ ಹೇಳು. ಬಿಡಿಸು, ಬಿಡಿಸು."

ಅವತ್ತು ಊಟಕ್ಕೆ ಎರಡು ಸಲ ಅನ್ನ ಹಾಕಿಸಿಕೊಂಡೆ. ಸಾರಿನಲ್ಲಿ ಎಂದಿನ ಬೇಳೆಯೇ ಇತ್ತು, ನಾನು ಬಿಡಿಸಿದ ಅವರೆಕಾಳು ಒಂದೂ ಇರಲಿಲ್ಲ; ಅದು ಶಾಲೆಯ ಅಡುಗೆಗೆ ತಂದದ್ದೇ ಅಲ್ಲ.

ಮರುದಿನ ಮಿಸ್ ಇನ್ನೊಂದು ಚೀಲ ಅವರೆಕಾಯಿ ಹಿಡಿದು ನನ್ನ ಜೊತೆ ಅಡುಗೆಮನೆಗೆ ಬಂದರು. ಈ ಸಲ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊರದ ಆಚೆ ಬದಿಗೆ ತಾವೇ ಕೂತರು.